ಹಸುಗೂಸಿಗೆ ಹಲ್ಲು ಹುಟ್ಟುವ ಕಾಲ: ನೋವಿಗೆ ನಿರಪಾಯವಾದ ಆರೈಕೆ

ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡದ ರೈತನಿಲ್ಲ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿ ಕೂಡಿದೆಯೋ ಎಂದು ನೋಡಿ ಅದರ ವಯಸ್ಸನ್ನು ಹೇಳಿಬಿಡುತ್ತಾನೆ. ಕರು ಹುಟ್ಟುವಾಗಲೇ ಕೆಲವು ಹಾಲುಹಲ್ಲುಗಳನ್ನು ಹೊತ್ತು ಬರುತ್ತದೆ. ಸುಮಾರು ಒಂದು ತಿಂಗಳೊಳಗೆ ಅದರ ಮುಂದಿನ ಎಂಟು ಹಲ್ಲುಗಳೂ ಕಾಣಿಸಿಕೊಳ್ಳುತ್ತವೆ. ಆ ದಿನಗಳಲ್ಲಿ ಕರು ನೀರು ನೀರಾಗಿ ಭೇದಿ ಮಾಡತೊಡಗಿದರೆ 'ಹಲ್ಲು ಬರುತ್ತಿದೆ, ತಾನೇ ಸರಿಹೋಗುತ್ತದೆ' ಎಂದು ಯಾರೂ ಕೈಕಟ್ಟಿ ಕೂರುವುದಿಲ್ಲ. ಪಶುವೈದ್ಯರನ್ನು ಕರೆತರುತ್ತಾರೆ.

ಆದರೆ ಅದೇ ಮನೆಯ ತೊಟ್ಟಿಲಲ್ಲಿರುವ ಏಳು ತಿಂಗಳ ಕೂಸಿಗೆ ಭೇದಿ ಹತ್ತಿದರೆ, ಮೈ ಸುಟ್ಟರೆ, 'ಹಲ್ಲು ಬರುವಾಗ ಹೀಗಾಗುವುದು ಸಹಜ' ಎಂಬ ಮಾತು ಹಿರಿಯರಿಂದ ಬರುತ್ತದೆ. ಈ ಒಂದು ಮಾತಿನಿಂದ ಒಂದು ದಿನ, ಎರಡು ದಿನ ಕಳೆದುಹೋಗುತ್ತದೆ. ಎಳೆಗೂಸಿನ ಮೈಯಿಂದ ನೀರು ಸೋರಿ ಪ್ರಾಣಕ್ಕೆ ಕುತ್ತು ಬರಲು ಅಷ್ಟೇ ಸಾಕು.

ಹಲ್ಲು ಹುಟ್ಟುವಾಗ ಮಗುವಿಗೆ ತೊಂದರೆಯಾಗುವುದು ನಿಜ. ಅದನ್ನು ಮನೆಯಲ್ಲಿಯೇ, ಕಾಸು ಖರ್ಚಿಲ್ಲದೆ, ಅಪಾಯವಿಲ್ಲದೆ ಶಮನಗೊಳಿಸಬಹುದು. ಆದರೆ ಹಲ್ಲಿನ ತೊಂದರೆ ಯಾವುದು, ಕಾಯಿಲೆ ಯಾವುದು ಎಂಬುದನ್ನು ಬೇರ್ಪಡಿಸಿ ನೋಡುವುದು ಮೊದಲ ಕೆಲಸ. ಈ ಎರಡು ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ. ಮನೆಯ ತಾಯಂದಿರಷ್ಟೇ ಅಲ್ಲದೆ ತಂದೆ, ಅಜ್ಜ, ಅಜ್ಜಿ ಎಲ್ಲರೂ ಇದನ್ನು ತಿಳಿದಿರುವುದು ಒಳ್ಳೆಯದು. ಆಸ್ಪತ್ರೆಗೆ ಹೋಗಬೇಕೋ ಬೇಡವೋ ಎಂಬ ತೀರ್ಮಾನ ಅನೇಕ ಮನೆಗಳಲ್ಲಿ ತಾಯಿ ಒಬ್ಬಳದ್ದೇ ಆಗಿರುವುದಿಲ್ಲ.

ಹಲ್ಲು ಹುಟ್ಟುವ ಕ್ರಮ

ಹಾಲುಹಲ್ಲಿನ ಮೊಳಕೆ ಮಗು ತಾಯಿಯ ಗರ್ಭದಲ್ಲಿರುವಾಗಲೇ ಒಸಡಿನೊಳಗೆ ಮೂಡಿರುತ್ತದೆ. ನೆಲದೊಳಗೆ ಮೊಳೆತ ಬೀಜ ಕೆಲವು ದಿನಗಳ ನಂತರ ಮಣ್ಣಿನ ಹೆಪ್ಪನ್ನು ಸೀಳಿ ಮೇಲೆ ಬರುವಂತೆ ಈ ಹಲ್ಲುಗಳು ಸಕಾಲದಲ್ಲಿ ಒಸಡನ್ನು ಸೀಳಿ ಹೊರಬರುತ್ತವೆ. ಹಾಲುಹಲ್ಲುಗಳು ಒಟ್ಟು 20. ಅವು ಹುಟ್ಟುವ ಸಾಮಾನ್ಯ ಕಾಲ ಹೀಗಿದೆ:

ಕೆಳಗಿನ ನಡುವಿನ ಎರಡು ಬಾಚಿಹಲ್ಲು: 6ರಿಂದ 10 ತಿಂಗಳು
ಮೇಲಿನ ನಡುವಿನ ಎರಡು ಬಾಚಿಹಲ್ಲು: 8ರಿಂದ 12 ತಿಂಗಳು
ಮೇಲಿನ ಪಕ್ಕದ ಎರಡು ಬಾಚಿಹಲ್ಲು: 9ರಿಂದ 13 ತಿಂಗಳು
ಕೆಳಗಿನ ಪಕ್ಕದ ಎರಡು ಬಾಚಿಹಲ್ಲು: 10ರಿಂದ 16 ತಿಂಗಳು
ಮೊದಲನೆಯ ದವಡೆಹಲ್ಲು (ನಾಲ್ಕು): 13ರಿಂದ 19 ತಿಂಗಳು
ಕೋರೆಹಲ್ಲು (ನಾಲ್ಕು): 16ರಿಂದ 23 ತಿಂಗಳು
ಎರಡನೆಯ ದವಡೆಹಲ್ಲು (ನಾಲ್ಕು): 23ರಿಂದ 33 ತಿಂಗಳು

ಒಂದೇ ಹೊಲದಲ್ಲಿ ಒಂದೇ ದಿನ ಬಿತ್ತಿದ ಬೀಜವೂ ಒಂದೇ ದಿನ ಮೊಳೆಯುವುದಿಲ್ಲ. ಹಾಗೆಯೇ ಒಂದು ಮಗುವಿಗೆ ನಾಲ್ಕನೆಯ ತಿಂಗಳಿಗೆ ಹಲ್ಲು ಕಾಣಿಸಬಹುದು, ಇನ್ನೊಂದಕ್ಕೆ ವರ್ಷ ತುಂಬಿದ ಮೇಲೆ ಬರಬಹುದು. ಎರಡೂ ದೋಷವಲ್ಲ. ಒಂದೂವರೆ ವರ್ಷವಾದರೂ ಒಂದು ಹಲ್ಲೂ ಕಾಣಿಸದಿದ್ದರೆ ವೈದ್ಯರಿಗೆ ತೋರಿಸಬೇಕು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಎಂಬ ನಂಬಿಕೆ ನಮ್ಮಲ್ಲಿದೆ. ಹಲ್ಲು ಬರುವ ಕ್ರಮಕ್ಕೂ ಸೋದರಮಾವನ ಆಯುಷ್ಯಕ್ಕೂ ಯಾವ ಸಂಬಂಧವೂ ಇಲ್ಲ. ಕೆಲವು ಶಿಶುಗಳು ಹುಟ್ಟುವಾಗಲೇ ಒಂದೆರಡು ಹಲ್ಲು ಹೊಂದಿರುವುದೂ ಉಂಟು. ಅದನ್ನು ಅಪಶಕುನವೆಂದು ಮನೆಯಲ್ಲಿ ಕೀಳಬಾರದು; ಸಡಿಲವಾಗಿದ್ದರೆ ಉಸಿರಿನ ದಾರಿಗೆ ಜಾರುವ ಭಯವಿರುವುದರಿಂದ ವೈದ್ಯರೇ ನೋಡಿ ತೀರ್ಮಾನಿಸಬೇಕು.

ಹಲ್ಲಿನಿಂದ ಆಗುವುದೇನು, ಆಗದಿರುವುದೇನು?

ಹಲ್ಲು ಹುಟ್ಟುವಾಗ ಮಗು ಜೊಲ್ಲು ಸುರಿಸುತ್ತದೆ. ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಒಸಡು ಕೆಂಪಗಾಗಿ ಸ್ವಲ್ಪ ಊದಿಕೊಳ್ಳುತ್ತದೆ. ಕಿರಿಕಿರಿ ಮಾಡುತ್ತದೆ, ರಾತ್ರಿ ಎಚ್ಚರಗೊಳ್ಳುತ್ತದೆ, ಕಿವಿ ಉಜ್ಜಿಕೊಳ್ಳುತ್ತದೆ, ಗಟ್ಟಿ ಆಹಾರವನ್ನು ಒಂದೆರಡು ದಿನ ಬೇಡವೆನ್ನುತ್ತದೆ. ಜೊಲ್ಲಿನಿಂದ ಗಲ್ಲದ ಮೇಲೆ ಕೆಂಪು ಗುಳ್ಳೆ ಏಳಬಹುದು. ಮೈ ತುಸು ಬೆಚ್ಚಗಾಗಬಹುದು.

ಇದಿಷ್ಟೇ ಹಲ್ಲಿನ ಲೆಕ್ಕ. ಅಮೆರಿಕದಲ್ಲಿ 125 ಮಕ್ಕಳ 475 ಹಲ್ಲುಗಳು ಹುಟ್ಟುವುದನ್ನು ಗಮನಿಸಿ, ಪ್ರತಿದಿನ ಮೈಶಾಖವನ್ನೂ ಲಕ್ಷಣಗಳನ್ನೂ ಬರೆದಿಟ್ಟು ನಡೆಸಿದ ಅಧ್ಯಯನವೊಂದು 2000ರಲ್ಲಿ ಪ್ರಕಟವಾಯಿತು. ಹಲ್ಲಿನ ತೊಂದರೆಗಳು ಹಲ್ಲು ಕಾಣುವ ನಾಲ್ಕು ದಿನ ಮೊದಲಿನಿಂದ ಮೂರು ದಿನ ನಂತರದವರೆಗೆ, ಒಟ್ಟು ಎಂಟು ದಿನ ಮಾತ್ರ ಇರುತ್ತವೆ ಎಂದು ಅದರಿಂದ ತಿಳಿದುಬಂತು. ಅನೇಕ ಮಕ್ಕಳಲ್ಲಿ ಏನೂ ತೊಂದರೆ ಕಾಣಲಿಲ್ಲ. ಹೆಚ್ಚಿನ ಜ್ವರ, ವಾಂತಿ, ಭೇದಿ, ಕೆಮ್ಮು, ಮೈಮೇಲಿನ ಗುಳ್ಳೆ, ಇವುಗಳಿಗೂ ಹಲ್ಲಿಗೂ ಸಂಬಂಧ ಕಂಡುಬರಲಿಲ್ಲ.

ಹಾಗಾದರೆ ಹಲ್ಲು ಬರುವ ಸಮಯದಲ್ಲಿಯೇ ಮಕ್ಕಳು ಕಾಯಿಲೆ ಬೀಳುವುದೇಕೆ ಎಂದು ನೀವು ಕೇಳಬಹುದು. ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು, ಗರ್ಭದಲ್ಲಿದ್ದಾಗ ತಾಯಿಯ ರಕ್ತದಿಂದ ಪಡೆದ ರೋಗನಿರೋಧಕ ಶಕ್ತಿ ಸುಮಾರು ಆರು ತಿಂಗಳ ಹೊತ್ತಿಗೆ ಕರಗುತ್ತ ಬರುತ್ತದೆ. ಎರಡನೆಯದು, ಮಗು ಬೋರಲು ಬಿದ್ದು ತೆವಳುತ್ತ ನೆಲದ ಮೇಲೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ಕಾಲ ಇದು. ಮೂರನೆಯದು, ತಾಯಿಯ ಹಾಲಿನ ಜೊತೆಗೆ ಬೇರೆ ಆಹಾರ, ನೀರು ಕೊಡಲು ಆರಂಭಿಸುವುದೂ ಈಗಲೇ. ಕೈ, ಬಟ್ಟಲು, ನೀರು ಶುದ್ಧವಾಗಿರದಿದ್ದರೆ ರೋಗಾಣುಗಳು ಹೊಟ್ಟೆ ಸೇರುತ್ತವೆ. ಭೇದಿ ಬರುವುದು ಈ ಕೊಳೆಯಿಂದ. ಹಲ್ಲು ಅದೇ ಹೊತ್ತಿಗೆ ಇಣುಕುವುದರಿಂದ ಅಪವಾದ ಅದರ ಮೇಲೆ ಬೀಳುತ್ತದೆ.

ಈ ತಪ್ಪು ನಮ್ಮ ನಾಡಿನದು ಮಾತ್ರವಲ್ಲ. 19ನೆಯ ಶತಮಾನದ ಇಂಗ್ಲೆಂಡಿನ ಮರಣ ದಾಖಲೆಗಳಲ್ಲಿ ಎಳೆಯ ಮಕ್ಕಳ ಸಾವಿಗೆ 'ಹಲ್ಲು ಹುಟ್ಟುವಿಕೆ' ಎಂದೇ ಕಾರಣ ಬರೆಯುತ್ತಿದ್ದರು. ಆ ಮಕ್ಕಳನ್ನು ನಿಜವಾಗಿ ಕೊಂದ ಕಾಯಿಲೆಗಳು ಆ ಒಂದು ಮಾತಿನ ಹಿಂದೆ ಮರೆಯಾಗಿದ್ದವು.

ನಿರಪಾಯವಾದ ಉಪಚಾರಗಳು

ಹಲ್ಲಿನ ತೊಂದರೆಗೆ ಬೇಕಾದದ್ದು ಮೂರೇ: ಸ್ವಲ್ಪ ಒತ್ತಡ, ಸ್ವಲ್ಪ ತಂಪು, ಹೆಚ್ಚು ಅಕ್ಕರೆ.

1. ಬೆರಳಿನಿಂದ ಒಸಡು ತಿಕ್ಕುವುದು: ಉಗುರು ಕತ್ತರಿಸಿ, ಸಾಬೂನಿನಿಂದ ಕೈಯನ್ನು ಚೆನ್ನಾಗಿ ತೊಳೆದು, ತೋರುಬೆರಳಿನಿಂದ ಊದಿದ ಒಸಡನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ತಿಕ್ಕಬೇಕು. ಒಳಗಿನಿಂದ ಹಲ್ಲು ಒತ್ತುತ್ತಿರುವಾಗ ಹೊರಗಿನಿಂದಲೂ ಒತ್ತಡ ಬಿದ್ದರೆ ಮಗುವಿಗೆ ಹಾಯೆನಿಸುತ್ತದೆ. ದಿನಕ್ಕೆ ಎಷ್ಟು ಸಲ ಬೇಕಾದರೂ ಮಾಡಬಹುದು.

2. ತಂಪು ಬಟ್ಟೆ: ಮೆತ್ತನೆಯ ಹತ್ತಿಬಟ್ಟೆಯ ತುಂಡನ್ನು ಕುದಿಸಿ ತೊಳೆದಿಟ್ಟುಕೊಳ್ಳಿ. ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ಬಟ್ಟಲಿನಲ್ಲಿ ಹಾಕಿ ಮಣ್ಣಿನ ಹರವಿಯ ಪಕ್ಕದಲ್ಲಿ ಒದ್ದೆ ಮರಳಿನ ಮೇಲೆ ಇಟ್ಟರೆ ಸಾಕಷ್ಟು ತಂಪಾಗುತ್ತದೆ. ಫ್ರಿಜ್ ಇದ್ದವರು ಅದರಲ್ಲಿ ಇಡಬಹುದು. ಮಂಜುಗಡ್ಡೆ ಕಟ್ಟುವ ಖಾನೆಯಲ್ಲಿ ಇಡಬಾರದು. ಬಟ್ಟೆಯ ಒಂದು ತುದಿ ನಿಮ್ಮ ಕೈಯಲ್ಲಿರಲಿ, ಇನ್ನೊಂದನ್ನು ಮಗು ಅಗಿಯಲಿ. ಪ್ರತಿಸಲವೂ ಹೊಸದಾಗಿ ತೊಳೆದ ಬಟ್ಟೆಯನ್ನೇ ಉಪಯೋಗಿಸಬೇಕು.

3. ತಂಪು ಚಮಚ: ಅಂಚು ನುಣುಪಾಗಿರುವ ಸ್ಟೀಲ್ ಚಮಚವನ್ನು ತಣ್ಣೀರಿನಲ್ಲಿ ಅದ್ದಿ ಒರೆಸಿ, ಅದರ ಬೆನ್ನನ್ನು ಒಸಡಿಗೆ ಮೆಲ್ಲಗೆ ಒತ್ತಿ ಹಿಡಿಯಬಹುದು. ಚಮಚವನ್ನು ಮಗುವಿನ ಕೈಗೆ ಕೊಟ್ಟು ಹೋಗಬಾರದು.

4. ಕಚ್ಚುವ ಬಳೆ: ಅಂಗಡಿಯಿಂದ ತರುವುದಾದರೆ ಒಂದೇ ಅಚ್ಚಿನ, ಒಳಗೆ ನೀರು ತುಂಬಿಲ್ಲದ, ಗಟ್ಟಿ ರಬ್ಬರಿನ ಬಳೆಯನ್ನು ಆರಿಸಬೇಕು. ಅದು ಮಗುವಿನ ಬಾಯೊಳಗೆ ಪೂರ್ತಿ ಹೋಗದಷ್ಟು ದೊಡ್ಡದಿರಬೇಕು. ದಿನವೂ ಸಾಬೂನು ನೀರಿನಲ್ಲಿ ತೊಳೆಯಬೇಕು. ಬಿರುಕು ಬಿಟ್ಟರೆ ಎಸೆಯಬೇಕು. ಬಿದ್ದುಹೋಗುತ್ತದೆಂದು ದಾರದಿಂದ ಕೊರಳಿಗೆ ಕಟ್ಟಬಾರದು.

5. ತಂಪಾದ ಮೆದು ಆಹಾರ: ಆರು ತಿಂಗಳು ತುಂಬಿದ ಮಗುವಿಗೆ ಆರಿದ ರಾಗಿ ಮಣ್ಣಿ, ಮಸೆದ ಬಾಳೆಹಣ್ಣು, ಮನೆಯಲ್ಲಿ ಹೆಪ್ಪು ಹಾಕಿದ ಹುಳಿಯಿಲ್ಲದ ಮೊಸರು ಹಿತವೆನಿಸುತ್ತವೆ. ಬಿಸಿಯಾದದ್ದನ್ನೂ ಖಾರದ್ದನ್ನೂ ಕೊಡಬಾರದು. ಆರು ತಿಂಗಳ ಒಳಗಿನ ಕೂಸಿಗೆ ತಾಯಿಯ ಹಾಲೊಂದೇ ಸಾಕು. ಹಲ್ಲು ಬಂತೆಂದು ಬೇರೆ ಆಹಾರವನ್ನು ಮುಂಚಿತವಾಗಿ ಆರಂಭಿಸಬೇಕಾಗಿಲ್ಲ.

6. ತಾಯಿಯ ಹಾಲು: ಹಲ್ಲು ಬಂದ ಮಾತ್ರಕ್ಕೆ ಮೊಲೆ ಬಿಡಿಸಬಾರದು. ಹಾಲು ಕುಡಿಸುವ ಮೊದಲು ಒಸಡು ತಿಕ್ಕಿದರೆ ಮಗು ಕಚ್ಚುವುದು ಕಡಿಮೆಯಾಗುತ್ತದೆ. ಕಚ್ಚಿದರೆ ಕಿರುಬೆರಳನ್ನು ಅದರ ಬಾಯಿಯ ಮೂಲೆಯಿಂದ ತೂರಿಸಿ ಮೊಲೆಯನ್ನು ಬಿಡಿಸಿಕೊಳ್ಳಿ, ಎಳೆಯಬೇಡಿ. ಹೊಡೆಯುವುದು, ಗದರಿಸುವುದು ಬೇಡ.

7. ಗಲ್ಲದ ರಕ್ಷಣೆ: ಜೊಲ್ಲನ್ನು ಉಜ್ಜದೆ, ಮೆತ್ತನೆಯ ಬಟ್ಟೆಯಿಂದ ಒತ್ತಿ ತೆಗೆಯಬೇಕು. ಗಲ್ಲ, ಕೊರಳಿನ ಮಡಿಕೆಗಳಿಗೆ ಶುದ್ಧ ಕೊಬ್ಬರಿ ಎಣ್ಣೆಯನ್ನು ತೆಳ್ಳಗೆ ಸವರಿದರೆ ಚರ್ಮ ಕೆಂಪಾಗುವುದಿಲ್ಲ. ಎದೆಗೆ ಕಟ್ಟಿದ ಜೊಲ್ಲುಬಟ್ಟೆಯನ್ನು ಮಲಗಿಸುವಾಗ ಬಿಚ್ಚಿಬಿಡಬೇಕು.

8. ಅಕ್ಕರೆ: ಎತ್ತಿ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ನಾಲ್ಕು ಹೆಜ್ಜೆ ಅಡ್ಡಾಡುವುದು, ಜೋಗುಳ ಹಾಡುವುದು, ದನಕರು ತೋರಿಸಿ ಮಾತನಾಡಿಸುವುದು ನೋವನ್ನು ಮರೆಸುತ್ತವೆ. ಹಗಲೆಲ್ಲ ಮನೆಗೆಲಸ, ಹೊಲಗೆಲಸ ಮಾಡಿದ ತಾಯಿ ರಾತ್ರಿಯೂ ಎದ್ದಿರುವಂತಾಗಬಾರದು. ಈ ಸರದಿಯನ್ನು ತಂದೆಯೂ ಹೊರುವುದು ನ್ಯಾಯ.

ಹೊಲದಿಂದ ಬಂದ ಕೈ

ಒಕ್ಕಲುತನದ ಮನೆಗಳಲ್ಲಿ ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಹಲ್ಲು ಬರುವ ಮಗು ತನ್ನನ್ನು ಎತ್ತಿಕೊಂಡವರ ಬೆರಳು, ಸೆರಗು, ಟವೆಲ್ಲು, ಬಳೆ, ಎಲ್ಲವನ್ನೂ ಚೀಪುತ್ತದೆ. ಆದುದರಿಂದ ಕೀಟನಾಶಕ ಸಿಂಪಡಿಸಿದವರು ಸ್ನಾನ ಮಾಡಿ ಬಟ್ಟೆ ಬದಲಾಯಿಸದೆ ಮಗುವನ್ನು ಮುಟ್ಟಬಾರದು. ಸಿಂಪರಣೆಗೆ ಉಟ್ಟ ಬಟ್ಟೆಯನ್ನು ಮಗುವಿನ ಬಟ್ಟೆಯೊಂದಿಗೆ ಒಗೆಯಬಾರದು. ಬೀಜೋಪಚಾರ ಮಾಡಿದ ಬಣ್ಣದ ಬೀಜ, ಇಲಿಪಾಷಾಣ, ಖಾಲಿ ಔಷಧಿ ಡಬ್ಬಿಗಳು ಮಗು ತೆವಳುವ ಜಾಗದಲ್ಲಿ ಇರಲೇಬಾರದು. ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ಆಟಕ್ಕೆ ಕೊಡತಕ್ಕದ್ದಲ್ಲ.

ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೈ, ತಂಬಾಕು ತಿಕ್ಕಿದ ಕೈ, ಎಲೆಗೆ ಸುಣ್ಣ ಹಚ್ಚಿದ ಬೆರಳು ಇವುಗಳಿಂದ ಒಸಡು ತಿಕ್ಕಿದರೆ ಮಗುವಿನ ಬಾಯಿ ಉರಿಯುತ್ತದೆ. ತಂಬಾಕು ವಿಷವೂ ಹೌದು. ಸಗಣಿ, ಗೊಬ್ಬರ ಮುಟ್ಟಿದ ಕೈಯಲ್ಲಿ ಭೇದಿಯ ರೋಗಾಣುಗಳಿರುತ್ತವೆ. ಬರಿಯ ನೀರಿನಿಂದ ಕೈ ತೊಳೆದರೆ ಸಾಲದು, ಸಾಬೂನು ಬೇಕು. ಹೊಲದ ಬದುವಿನ ಮರಕ್ಕೆ ಜೋಲಿ ಕಟ್ಟಿ ಮಗುವನ್ನು ಮಲಗಿಸುವವರು, ಅಕ್ಕಪಕ್ಕದ ಹೊಲದಲ್ಲಿ ಸಿಂಪರಣೆ ನಡೆಯುವ ದಿನ ಅಲ್ಲಿಗೆ ಕರೆದೊಯ್ಯಬಾರದು.

ಕಚ್ಚಲು ಕೊಡಬಾರದ ವಸ್ತುಗಳು

ಕಬ್ಬಿನ ತುಂಡು, ಒಣಕೊಬ್ಬರಿ ಚೂರು, ಹಸಿ ಗಜ್ಜರಿ, ಚಕ್ಕುಲಿ, ನಿಪ್ಪಟ್ಟು ಇವುಗಳನ್ನು 'ಚೀಪಲಿ' ಎಂದು ಕೈಗೆ ಕೊಡುವ ರೂಢಿಯಿದೆ. ಒಸಡು ಮತ್ತು ಒಂದೆರಡು ಹಲ್ಲಿನಿಂದ ಮಗು ತುಂಡನ್ನು ಮುರಿಯಬಲ್ಲದು, ಆದರೆ ಅಗಿದು ಪುಡಿಮಾಡಲಾರದು. ಮುರಿದ ಚೂರು ಶ್ವಾಸನಾಳದಲ್ಲಿ ಸಿಕ್ಕಿಕೊಂಡರೆ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ಶೇಂಗಾ, ಹುಣಸೆಬೀಜ, ಕಡಲೆ, ಅವರೆಕಾಳು, ಗುಂಡಿ, ನಾಣ್ಯ ಇವೂ ದೂರವಿರಲಿ. ಬೀಗದ ಕೈ, ಬಣ್ಣ ಬಳಿದ ಹಳೆಯ ಆಟಿಕೆ, ರಬ್ಬರ್ ಪೈಪಿನ ತುಂಡು ಬೇಡ. ಬಣ್ಣದಲ್ಲಿ ಸೀಸವಿರುವ ಸಂಭವವುಂಟು.

ಹಲ್ಲು ಸುಲಭವಾಗಿ ಬರಲೆಂದು ಮಣಿಸರ, ಬೇರಿನ ತುಂಡು ಪೋಣಿಸಿದ ದಾರಗಳನ್ನು ಕೊರಳಿಗೆ ಕಟ್ಟುವುದುಂಟು. ನಿದ್ದೆಯಲ್ಲಿ ದಾರ ಬಿಗಿದು ಉಸಿರು ಕಟ್ಟಬಹುದು. ಹರಿದರೆ ಮಣಿ ಗಂಟಲಿಗೆ ಸಿಗಬಹುದು. ಇಂತಹ ಹಲ್ಲಿನ ಸರದಿಂದ ಮಗುವೊಂದು ಉಸಿರುಗಟ್ಟಿ ಸತ್ತ ವರದಿ ಬಂದ ಮೇಲೆ ಅಮೆರಿಕದ ಔಷಧಿ ನಿಯಂತ್ರಣ ಇಲಾಖೆ 2018ರಲ್ಲಿ ಇವುಗಳ ವಿರುದ್ಧ ಎಚ್ಚರಿಕೆ ನೀಡಿತು.

ವರ್ಷದೊಳಗಿನ ಮಗುವಿನ ಗಂಟಲಿಗೆ ಏನಾದರೂ ಸಿಕ್ಕಿ ಅಳಲೂ ಕೆಮ್ಮಲೂ ಆಗದಿದ್ದರೆ, ಮುಂಗೈ ಮೇಲೆ ಬೋರಲಾಗಿ, ತಲೆ ತಗ್ಗಿರುವಂತೆ ಮಲಗಿಸಿ ಎರಡು ಭುಜದೆಲುಬುಗಳ ನಡುವೆ ಅಂಗೈ ಬುಡದಿಂದ 5 ಸಲ ತಟ್ಟಬೇಕು. ಹೊರಬರದಿದ್ದರೆ ಅಂಗಾತ ಮಾಡಿ, ತಲೆ ತಗ್ಗಿಸಿಯೇ ಹಿಡಿದು, ಎದೆಯ ನಡುವಿನ ಎಲುಬನ್ನು ಎರಡು ಬೆರಳುಗಳಿಂದ 5 ಸಲ ಒತ್ತಬೇಕು. ವಸ್ತು ಹೊರಬರುವವರೆಗೆ ಇದನ್ನು ಪುನರಾವರ್ತಿಸುತ್ತ 108ಕ್ಕೆ ಕರೆ ಮಾಡಿಸಬೇಕು. ಕಣ್ಣಿಗೆ ಕಾಣದ ವಸ್ತುವಿಗಾಗಿ ಬೆರಳು ತೂರಿಸಿ ತಡಕಾಡಿದರೆ ಅದು ಇನ್ನೂ ಒಳಗೆ ಹೋಗುತ್ತದೆ.

ಮಾಡಬಾರದ ಉಪಚಾರಗಳು

ಒಸಡಿಗೆ ಜೇನುತುಪ್ಪ ಸವರುವುದು ಹಳೆಯ ರೂಢಿ. ಜೇನಿನಲ್ಲಿ ಒಂದು ಜಾತಿಯ ರೋಗಾಣುವಿನ ಬೀಜಕಣಗಳಿರಬಹುದು. ದೊಡ್ಡವರಿಗೆ ಅವು ಏನೂ ಮಾಡವು. ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಅವು ಬೆಳೆದು ವಿಷವುಂಟುಮಾಡಿ, ಸ್ನಾಯುಗಳ ಶಕ್ತಿಯನ್ನು ಕುಂದಿಸಿ ಉಸಿರಾಟಕ್ಕೇ ಅಡ್ಡಿ ತರಬಲ್ಲವು. ಸ್ವಂತ ಪೆಟ್ಟಿಗೆಯ ಶುದ್ಧ ಜೇನಾದರೂ ವರ್ಷ ತುಂಬುವವರೆಗೆ ಬೇಡ. ಜೇನಿನಲ್ಲಿ ಬಿಳಿಗಾರ ಕಲಸಿ ಹಚ್ಚುವುದು ಇನ್ನೂ ಕೆಟ್ಟದ್ದು. ಬಿಳಿಗಾರದಿಂದ ಮಕ್ಕಳಿಗೆ ಫಿಟ್ಸ್ ಬಂದ ಉದಾಹರಣೆಗಳಿವೆ.

ಒಸಡನ್ನು ಉಗುರಿನಿಂದ, ಭತ್ತದ ಮೊನೆಯಿಂದ, ಬ್ಲೇಡಿನಿಂದ ಸೀಳುವುದು ಅಪಾಯಕರ. ಹಲ್ಲು ಬರುವ ಕಡೆ ನೀಲಿಬಣ್ಣದ ಗುಳ್ಳೆ ಕಂಡರೂ ಚುಚ್ಚಬೇಡಿ. ಹಲ್ಲು ಹೊರಬಂದಾಗ ಅದು ತಾನೇ ಒಡೆದು ಮಾಯುತ್ತದೆ. ಭೇದಿ ನಿಲ್ಲಲೆಂದು ಹೊಟ್ಟೆಗೆ ಬರೆ ಹಾಕಿದರೆ ಭೇದಿ ನಿಲ್ಲುವುದಿಲ್ಲ, ಸುಟ್ಟಗಾಯ ಮಾತ್ರ ಉಳಿಯುತ್ತದೆ. ಬ್ರಾಂದಿ ಸವರುವುದು, ಲವಂಗದ ಎಣ್ಣೆ ಹಚ್ಚುವುದು, ನಿದ್ದೆ ಬರಲೆಂದು ಅಫೀಮು ಬೆರೆಸಿದ ಗುಳಿಗೆ ತೇಯ್ದು ಕೊಡುವುದು ಎಳೆಗೂಸಿಗೆ ವಿಷಪ್ರಾಯ. ಅಫೀಮಿನಿಂದ ಬಂದ ನಿದ್ದೆಯಲ್ಲಿ ಉಸಿರೇ ನಿಲ್ಲಬಹುದು.

ಅಂಗಡಿಯ ಔಷಧಿಗಳ ವಿಷಯ

ಹಲ್ಲಿನ ಹೆಸರಿನಲ್ಲಿ ಮಾರಾಟವಾದ ಔಷಧಿಗಳಿಂದಲೇ ಮಕ್ಕಳು ಸತ್ತಿರುವುದು ಇತಿಹಾಸ. ಬ್ರಿಟನ್ನಿನಲ್ಲಿ ಹಲ್ಲು ಬರುವ ಮಕ್ಕಳಿಗೆ ಕೊಡುತ್ತಿದ್ದ ಪುಡಿಗಳಲ್ಲಿ ಪಾದರಸವಿತ್ತು. ಕೈಕಾಲು ಕೆಂಪಾಗಿ, ನೋವಿನಿಂದ ನರಳುವ ಕಾಯಿಲೆಯೊಂದು ಮಕ್ಕಳಲ್ಲಿ ಹಬ್ಬಿತ್ತು. 1954ರ ಹೊತ್ತಿಗೆ ಪಾದರಸವನ್ನು ಪುಡಿಯಿಂದ ಕೈಬಿಟ್ಟ ಮೇಲೆ ಆ ಕಾಯಿಲೆಯೂ ಮರೆಯಾಗುತ್ತ ಬಂತು. 2008-09ರಲ್ಲಿ ನೈಜೀರಿಯಾ ದೇಶದಲ್ಲಿ ಹಲ್ಲಿನ ಸಿರಪ್ಪೊಂದರಲ್ಲಿ ಡೈಎಥಿಲಿನ್ ಗ್ಲೈಕಾಲ್ ಎಂಬ ವಿಷ ಸೇರಿ 80ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು.

ಒಸಡನ್ನು ಮರಗಟ್ಟಿಸುವ ಜೆಲ್ಲುಗಳೂ ನಿರಪಾಯವಲ್ಲ. ಬೆಂಜೊಕೇನ್ ಇರುವ ಜೆಲ್ಲು ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನೇ ಕುಗ್ಗಿಸಬಹುದು. ಎರಡು ವರ್ಷದೊಳಗಿನವರಿಗೆ ಅದು ಬೇಡವೆಂದು ಅಮೆರಿಕ 2018ರಲ್ಲಿ ಎಚ್ಚರಿಸಿತು. ಲಿಡೊಕೇನ್ ಹೆಚ್ಚು ನುಂಗಿದರೆ ಫಿಟ್ಸ್ ಬರಬಹುದು, ಹೃದಯಕ್ಕೆ ತೊಂದರೆಯಾಗಬಹುದು. ಬಾಯಿಹುಣ್ಣಿಗೆಂದು ದೊಡ್ಡವರು ಹಚ್ಚಿಕೊಳ್ಳುವ ಕೆಲವು ಜೆಲ್ಲುಗಳಲ್ಲಿ ಕೋಲಿನ್ ಸ್ಯಾಲಿಸಿಲೇಟ್ ಇರುತ್ತದೆ. ಆಸ್ಪಿರಿನ್ ಜಾತಿಯ ಈ ಔಷಧಿಯನ್ನು 16 ವರ್ಷದೊಳಗಿನವರಿಗೆ ಬಳಸಬಾರದೆಂದು ಬ್ರಿಟನ್ 2009ರಲ್ಲಿ ಸೂಚಿಸಿತು. ಮನೆಯಲ್ಲಿ ಉಳಿದಿರುವ ಜೆಲ್ಲನ್ನು ಮಗುವಿಗೆ ಹಚ್ಚಬೇಡಿ. ಜೊಲ್ಲು ಹರಿಯುವ ಬಾಯಲ್ಲಿ ಜೆಲ್ಲು ನಿಮಿಷಗಳಲ್ಲಿ ತೊಳೆದುಹೋಗುವುದರಿಂದ ಅದರ ಉಪಯೋಗವೂ ಅಷ್ಟಕ್ಕಷ್ಟೆ.

ಮಗು ನೋವಿನಿಂದ ನಿದ್ದೆಗೆಟ್ಟು ಬಳಲಿದರೆ ವೈದ್ಯರು ಪ್ಯಾರಾಸಿಟಮಾಲ್ ಬರೆದುಕೊಡಬಹುದು. ಅದರ ಪ್ರಮಾಣವನ್ನು ಮಗುವಿನ ತೂಕ ನೋಡಿ ಗೊತ್ತುಮಾಡುತ್ತಾರೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಸಾಮಾನ್ಯವಾಗಿ ಸಿಗುವ ಹನಿ ಔಷಧಿಯಲ್ಲಿ 1 ಮಿ.ಲೀ.ಗೆ 100 ಮಿ.ಗ್ರಾಂ. ಇರುತ್ತದೆ, 5 ಮಿ.ಲೀ.ಗೆ 125 ಮಿ.ಗ್ರಾಂ. ಇರುವ ಸಿರಪ್ಪಿನಲ್ಲಿ 1 ಮಿ.ಲೀ.ಗೆ 25 ಮಿ.ಗ್ರಾಂ. ಮಾತ್ರ. ಅಂದರೆ ಹನಿ ಔಷಧಿ ನಾಲ್ಕು ಪಟ್ಟು ತೀಕ್ಷ್ಣ. ಸಿರಪ್ಪಿನ ಅಳತೆಯಲ್ಲಿ ಹನಿ ಔಷಧಿ ಕೊಟ್ಟರೆ ಪ್ರಮಾಣ ಮೀರಿ ಯಕೃತ್ತು ಕೆಡುತ್ತದೆ. ಯಾವ ಬಾಟಲಿ, ಎಷ್ಟು ಮಿ.ಲೀ., ದಿನಕ್ಕೆ ಎಷ್ಟು ಸಲ ಎಂದು ಚೀಟಿಯ ಮೇಲೆ ಬರೆಸಿಕೊಂಡು ಬರಬೇಕು. ಬಾಟಲಿಯೊಂದಿಗೆ ಬಂದ ಅಳತೆಯ ಸಾಧನವನ್ನೇ ಬಳಸಬೇಕು. ಅಡುಗೆಮನೆಯ ಚಮಚ ಬೇಡ.

ವೈದ್ಯರ ಬಳಿಗೆ ಯಾವಾಗ?

ಕೆಳಗಿನ ಯಾವುದೇ ಲಕ್ಷಣ ಕಂಡರೆ ಹಲ್ಲಿನ ಮಾತು ಬಿಟ್ಟು ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು:

* ಮೈಶಾಖ 100.4 ಡಿಗ್ರಿ ಫ್ಯಾರನ್‌ಹೀಟ್ (38 ಡಿಗ್ರಿ ಸೆಲ್ಸಿಯಸ್) ಅಥವಾ ಅದಕ್ಕಿಂತ ಹೆಚ್ಚು
* ದಿನಕ್ಕೆ ಮೂರು ಅಥವಾ ಹೆಚ್ಚು ಸಲ ನೀರಿನಂತಹ ಭೇದಿ, ಇಲ್ಲವೆ ಮಲದಲ್ಲಿ ರಕ್ತ
* ಕುಡಿದದ್ದನ್ನೆಲ್ಲ ವಾಂತಿ ಮಾಡುವುದು, ಮೊಲೆ ಹಿಡಿಯದಿರುವುದು
* ಕಣ್ಣು ಗುಳಿಬೀಳುವುದು, ಅಳುವಾಗ ಕಣ್ಣೀರು ಬಾರದಿರುವುದು, ಆರು ಗಂಟೆಯಾದರೂ ಮೂತ್ರವಿಲ್ಲದಿರುವುದು
* ವೇಗದ ಉಸಿರಾಟ: 2ರಿಂದ 12 ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 50 ಅಥವಾ ಹೆಚ್ಚು, ವರ್ಷ ದಾಟಿದ ಮಗುವಿಗೆ 40 ಅಥವಾ ಹೆಚ್ಚು
* ಮಂಕಾಗಿ ಬಿದ್ದುಕೊಳ್ಳುವುದು, ಫಿಟ್ಸ್ ಬರುವುದು
* ಎತ್ತಿಕೊಂಡರೂ ನಿಲ್ಲದ ಅಳು

ಮಗು ಮಂಕಾಗಿದ್ದರೆ, ಫಿಟ್ಸ್ ಬಂದರೆ ಅಥವಾ ಉಸಿರಿಗೆ ಕಷ್ಟಪಡುತ್ತಿದ್ದರೆ ಕಾಯದೆ 108ಕ್ಕೆ ಕರೆ ಮಾಡಿ.

ಭೇದಿ ಆರಂಭವಾದ ಕೂಡಲೇ, ಆಸ್ಪತ್ರೆಗೆ ಹೊರಡುವ ಮೊದಲೇ, ಓ.ಆರ್.ಎಸ್. ಕುಡಿಸಲು ತೊಡಗಬೇಕು. ಒಂದು ಲೀಟರಿನ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಹಾಕಿ ಕಲಕಬೇಕು. ಅರ್ಧ ಪೊಟ್ಟಣ, ಅಂದಾಜಿನ ನೀರು ಸರಿಯಲ್ಲ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ.ನಷ್ಟನ್ನು ಚಮಚ ಚಮಚವಾಗಿ ಕುಡಿಸಬೇಕು. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಮುಂದುವರಿಸಬೇಕು. ಕಲಸಿದ ದ್ರಾವಣವನ್ನು 24 ಗಂಟೆಗಳ ನಂತರ ಚೆಲ್ಲಬೇಕು. ತಾಯಿಯ ಹಾಲನ್ನು ನಿಲ್ಲಿಸಲೇಬಾರದು. ಇದರೊಂದಿಗೆ ಆರೋಗ್ಯ ಕಾರ್ಯಕರ್ತೆಯರು ಕೊಡುವ ಜಿಂಕ್ ಮಾತ್ರೆಯನ್ನು ಅವರು ಹೇಳಿದ ಪ್ರಮಾಣದಲ್ಲಿ, ಭೇದಿ ನಿಂತರೂ ಬಿಡದೆ, 14 ದಿನ ಕೊಡಬೇಕು. ಒಂದೆರಡು ಪೊಟ್ಟಣಗಳನ್ನು ಆಶಾ ಕಾರ್ಯಕರ್ತೆಯಿಂದ ಪಡೆದು ಮನೆಯಲ್ಲಿ ಮುಂಚಿತವಾಗಿಯೇ ಇಟ್ಟುಕೊಂಡಿರುವುದು ಲೇಸು.

ಹಲ್ಲು ಬರುತ್ತಿದೆಯೆಂದು ಲಸಿಕೆಯ ದಿನವನ್ನು ಮುಂದೂಡಬಾರದು. 9ನೆಯ ತಿಂಗಳಿನ ದಡಾರ-ರುಬೆಲ್ಲಾ ಲಸಿಕೆ ಹಲ್ಲು ಹುಟ್ಟುವ ಕಾಲದಲ್ಲಿಯೇ ಬರುತ್ತದೆ. ಒಸಡಿನ ನೋವು ಲಸಿಕೆಗೆ ಅಡ್ಡಿಯಲ್ಲ.

ಹೊಸ ಹಲ್ಲಿನ ಆರೈಕೆ

ಮೊದಲ ಹಲ್ಲು ಕಂಡ ದಿನದಿಂದಲೇ ಶುಚಿ ಮಾಡಲು ಆರಂಭಿಸಬೇಕು. ಬೆಳಿಗ್ಗೆ, ರಾತ್ರಿ ಮೆತ್ತನೆಯ ಪುಟ್ಟ ಬ್ರಷ್ಷಿನಿಂದ, ಅಕ್ಕಿಕಾಳಿನಷ್ಟು ಮಾತ್ರ ಪೇಸ್ಟು ಹಚ್ಚಿ ಉಜ್ಜಬಹುದು. ಇದ್ದಿಲು, ಉಪ್ಪು, ಇಟ್ಟಿಗೆಪುಡಿ ಬೇಡ. ಬೆಲ್ಲದ ನೀರು, ಸಕ್ಕರೆ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸಿದರೆ ಹಲ್ಲು ಬೇಗ ಹುಳುಕಾಗುತ್ತದೆ. ಹಾಲುಹಲ್ಲು ಹೇಗೂ ಬೀಳುವುದೆಂದು ಅಲಕ್ಷಿಸಬಾರದು. ಮುಂದೆ ಬರುವ ಶಾಶ್ವತ ಹಲ್ಲಿಗೆ ಜಾಗ ಕಾಯುವುದು ಅದೇ.

ಸಾರಾಂಶ

ಒಸಡಿನ ನೋವಿಗೆ ತೊಳೆದ ಬೆರಳು, ತಂಪು ಬಟ್ಟೆ, ತಾಯಿಯ ಹಾಲು, ಮನೆಯವರ ತೋಳು ಸಾಕು. ಜೇನು, ಬಿಳಿಗಾರ, ಜೆಲ್ಲು, ಕೊರಳಿನ ದಾರ, ಕಬ್ಬಿನ ತುಂಡು ಬೇಡ. ಹೊಲದ ಕೈಯನ್ನು ಸಾಬೂನಿನಿಂದ ತೊಳೆಯದೆ ಮಗುವಿನ ಬಾಯಿಗೆ ಕೊಡುವುದು ಬೇಡ. ಜ್ವರ, ಭೇದಿ, ವಾಂತಿ ಕಂಡರೆ ಅದು ಕಾಯಿಲೆಯೇ ಹೊರತು ಹಲ್ಲಲ್ಲ.

ಕರುವಿಗೆ ಭೇದಿಯಾದ ದಿನವೇ ಪಶುವೈದ್ಯರ ಮನೆಗೆ ಹೋಗುವವರು ನೀವು. ನಿಮ್ಮ ಕೂಸಿಗೂ ಅಷ್ಟೇ ಬೇಗ ಹೊರಡಿ.